ಈ ವಾರದ ಸಮಸ್ಯೆ: ‘ಕೊಂಬು ಬಾರದೆ ಬೂಟು ಬಾರದು’

ಸಮಸ್ಯೆ ಕೊಟ್ಟವರು, ದಾವಣಗೆರೆ:
ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆ, ಆದರೆ ನಾಲ್ಕೇ ಸಾಲು. ಆದಿಪ್ರಾಸ, ಅಂದರೆ ಎಲ್ಲ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರುವುದು, ತಪ್ಪಬಾರದು. ಕೊಟ್ಟ ಸಾಲು ಕೊನೆಗೆ ಬರುವಂತೆ ಪದ್ಯ ಪೂರ್ತಿ ಮಾಡಬೇಕು, ಅದೇ ಪೂರಣ. ಬೂಟಿನೊಳಗೆ ಹಿಮ್ಮಡಿ ಇಳಿಸಲು ಬಾಗಿಲ ಪಕ್ಕ ಮೊಳೆಗೆ ನೇತುಹಾಕುವ ಶೂ ಹಾರ್ನ್ ಗೊತ್ತಲ್ವಾ? ಸಾಲಿನ ಕೊಂಬು ಅದೇ. ಇವತ್ತು ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅದೇ ಕಾಣಲಿಲ್ಲ. ಚಮಚದ ಹಿಡಿಯಿಂದ ಹಿಮ್ಮಡಿ ಇಳಿಸುವಾಗ ಈ ಸಾಲು ಬಂತು.

ವಿದ್ಯಾನಗರದ ಅಕ್ಕ:
ನಮ್ಮನೆಯವರ ಹೊಸ ಬೂಟು ನೋಡಿ ಬರೆದದ್ದು.

ಸಂಬಳದ ದಿನ ತಂದ ಹೊಸ ಜೊತೆ
ತುಂಬು ಹಿಮ್ಮಡಿ ಹೊರಗೆ ನಿಂತಿದೆ
ಬೆಂಬಲಕೆ ಬಾ, ಮೊಳೆಯ ಗೆಳೆಯನೆ
ಕೊಂಬು ಬಾರದೆ ಬೂಟು ಬಾರದು

ಸಮಸ್ಯೆ ಕೊಟ್ಟವರು:
‘ಮೊಳೆಯ ಗೆಳೆಯ’ ತುಂಬಾ ಇಷ್ಟವಾಯಿತು ಅಕ್ಕ. ಜರ್ಮನ್ನರು ಇದನ್ನು ‘ಬೂಟಿನ ಚಮಚ’ ಅನ್ನುತ್ತಾರೆ. ಹಾಗಾಗಿ ನನ್ನ ಬೆಳಗಿನ ಚಮಚವೂ ಲೆಕ್ಕಕ್ಕೆ ಬಂತು! ಜಪಾನಿನವರ ಮಾತು ಕುತ್ಸುಬೇರಾ. ನಾವು ದೋಸೆ ಮಗುಚಲು ಹಿಡಿಯುತ್ತೇವಲ್ಲ, ಅಂಥ ಚಪ್ಪಟೆ ಕೈಯನ್ನು ನೆನೆದು ಇಟ್ಟ ಹೆಸರು.

ದುರ್ಗದ ಮೇಷ್ಟ್ರು:
ಕೊಂಬು ಅಂದರೆ ನಿಜವಾಗಿ ಕೊಂಬೇ. ದನದ ಕೊಂಬನ್ನು ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ಒತ್ತಿ ಹರವಬಹುದು. ಅದರ ಬಾಗು ಹಿಮ್ಮಡಿಗೆ ಸರಿಯಾಗಿ ಕೂರುತ್ತದೆ. ಇಂಗ್ಲೆಂಡಿನಲ್ಲಿ ರಾಬರ್ಟ್ ಮಿಂಡಮ್ ಅನ್ನುವವನು 1593ರಲ್ಲಿ ಇಂಥದೊಂದು ಮಾಡಿ, ಒಡೆಯನ ಹೆಸರು, ಇಸವಿ, ತನ್ನ ಹೆಸರು ಮೂರನ್ನೂ ಅದರ ಮೇಲೆ ಕೆತ್ತಿದ್ದಾನೆ. ಅದು ಓದಿದಾಗ ನಮ್ಮ ಚಳ್ಳಕೆರೆ ಕಡೆಯ ಅಮೃತಮಹಲ್ ಎತ್ತುಗಳ ಉದ್ದ ಕೊಂಬು ಕಣ್ಮುಂದೆ ಬಂತು. ಆದರೆ ನನ್ನ ಪೂರಣ ಕರಿಹಲಗೆಯದು.

ನಂಬು ಕಂದಾ, ಬರೆದು ನೋಡಿಕೊ
ಹಂಬಲಿಸಿ ‘ಬ’ ‘ಟ’ ಜೋಡಿ ನಿಂತಿದೆ
ಇಂಬು ಕೊಡು ನೀನವಕೆ ಬಲದಲಿ
ಕೊಂಬು ಬಾರದೆ ‘ಬೂಟು’ ಬಾರದು

ಸಮಸ್ಯೆ ಕೊಟ್ಟವರು:
ಮೇಷ್ಟ್ರೇ, ಕೈ ಮುಗಿದೆ. ‘ಬೂಟು’ ಬರೆಯಲು ಎರಡು ಅಕ್ಷರಕ್ಕೂ ಕೊಂಬು ಬೇಕು, ಒಂದಕ್ಕೆ ದೀರ್ಘವೂ ಬೇಕು. ಸಾಲು ಕೊಟ್ಟ ನನಗೇ ಇದು ಕಂಡಿರಲಿಲ್ಲ. ‘ಬಾರದು’ ಅನ್ನುವ ಮಾತು ಒಂದು ಕಡೆ ಕಾಲಿಗೆ ಬಾರದು, ಇನ್ನೊಂದು ಕಡೆ ಕೈಬರಹಕ್ಕೆ ಬಾರದು. ಕನ್ನಡದಲ್ಲಿ ಎಷ್ಟು ಚೆನ್ನಾಗಿ ಕೂತಿತು ಇದು!

ಹೊಳಲ್ಕೆರೆ ಹುಡುಗಿ:
ನನ್ನದು ಒಂದೇ ಸಾಲು ಆಗಿದೆ ಸರ್. ‘ಜಂಬವಿಲ್ಲದ ಕಾಲು ತಾನದು’. ಮುಂದೆ ಹೋಗ್ತಿಲ್ಲ.

ಸಮಸ್ಯೆ ಕೊಟ್ಟವರು:
ಶುರು ಚೆನ್ನಾಗಿದೆ ತಂಗಿ. ‘ತಾನದು’ ಮಾತ್ರ ಸುಮ್ನೆ ಲೆಕ್ಕ ತುಂಬಲು ಬಂದಿದೆ. ಅದಕ್ಕೇ ಮುಂದಿನ ಸಾಲು ಹುಟ್ಟುತ್ತಿಲ್ಲ. ಛಂದಸ್ಸಿನಲ್ಲಿ ಸಾಲಿಗೂ ಪಾದ ಅಂತಲೇ ಹೆಸರು, ಅದಕ್ಕೂ ಮಾತು ತುರುಕಬಾರದು. ಇಂಗ್ಲಿಷಿನಲ್ಲಿ ಶೂ ಹಾರ್ನ್ ಅನ್ನುವುದು ಕ್ರಿಯಾಪದವೂ ಹೌದು. ಜಾಗವಿಲ್ಲದ ಕಡೆ ತುರುಕುವುದು ಅಂತ ಅರ್ಥ. ನನಗೆ ಆ ಅರ್ಥ ಒಪ್ಪಿಗೆಯಿಲ್ಲ. ಕೊಂಬು ತುರುಕುವುದಿಲ್ಲ, ಜಾರಿಸುತ್ತದೆ. ಬೂಟಿನ ಹಿಂಬದಿ ಮಡಚಿ ಹಾಳಾಗದಂತೆ ಕಾಯುತ್ತದೆ. ಆ ಕಾಲು ಯಾರದು ಅಂತ ಹೇಳು, ಜಾಗ ತಾನಾಗಿ ಆಗುತ್ತದೆ.

ಹೊಳಲ್ಕೆರೆ ಹುಡುಗಿ:
ಅಜ್ಜನದು ಸರ್. ಸೊಂಟದ ಆಪರೇಷನ್ ಆಗಿದೆ. ಜಾಸ್ತಿ ಬಗ್ಗಬಾರದು ಅಂದಿದ್ದಾರೆ. ಉದ್ದ ಹಿಡಿಯದ್ದು ತಂದುಕೊಟ್ಟಿದ್ದೇವೆ, ನಿಂತುಕೊಂಡೇ ಹಾಕಿಕೊಳ್ಳುತ್ತಾರೆ.

ಜಂಬವಿಲ್ಲದ ಕಾಲು ಅಜ್ಜನ
ಕಂಬದಂತಿದೆ, ಸೊಂಟ ಬಾಗದು
ನಂಬಿಕೆಯ ಮೊಳದಷ್ಟು ಉದ್ದದ
ಕೊಂಬು ಬಾರದೆ ಬೂಟು ಬಾರದು

ವಿದ್ಯಾನಗರದ ಅಕ್ಕ:
ಮೂರನೇ ಸಾಲು ನಿಲ್ಲದೆ ನಾಲ್ಕಕ್ಕೆ ಹರಿದಿದೆ ನೋಡಮ್ಮ. ಅಜ್ಜನಿಗೆ ಓದಿ ಹೇಳು.

ದುರ್ಗದ ಮೇಷ್ಟ್ರು:
ಈ ಸಾಮಾನಿಗೆ ನಮ್ಮದೇ ಒಂದು ಹೆಸರು ಇಟ್ಟುಬಿಡೋಣ. ಬೂಟು, ಕೊಂಬು ಸೇರಿದರೆ ‘ಬೂಟುಗೊಂಬು’. ಮಳೆಗಾಲದ ಹಾಗೆ ಆದೇಶ ಸಂಧಿ.

ಸಮಸ್ಯೆ ಕೊಟ್ಟವರು:
‘ಬೂಟುಗೊಂಬಿನ’ ಅಂದರೆ ಮೂರು-ನಾಲ್ಕಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಮೇಷ್ಟ್ರೇ. ಮುಂದಿನ ವಾರದ ಸಾಲು ಅದೇ ಆಗಲಿ: ‘ಬೂಟುಗೊಂಬಿನ ಬೆನ್ನು ಬಾಗಿತು’. ಪ್ರಾಸ ಟಕಾರ. ದುರ್ಗದವರಿಗೆ ‘ಕೋಟೆ’ ಕೈಗೆಟುಕುವಷ್ಟು ಹತ್ತಿರದಲ್ಲಿದೆ.