ನಮ್ಮ ಮನೆ ಗ್ರೂಪಿನಲ್ಲಿ ಒಂದು ಭಾನುವಾರ

ನಮ್ಮ ಮನೆ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್, ಹೆಸರಿಗೆ ಮಾತ್ರ. ಇಪ್ಪತ್ತೇಳು ಜನ ಇದ್ದೇವೆ, ಬಾಯಿ ಬಿಡುವವರು ಏಳೆಂಟು. ಕಳೆದ ಭಾನುವಾರ ತಂಗಿ ಪುಟ್ಟಿ ಅಮೆರಿಕದ ಓಕ್ಲೆಂಡ್‌ನಿಂದ ಒಂದು ವಿಡಿಯೋ ಹಾಕಿದಳು, ಮಧ್ಯಾಹ್ನದ ಊಟ ಎಲ್ಲರ ಮನೆಯಲ್ಲೂ ತಡವಾಯಿತು. ಗುಡ್ ಮಾರ್ನಿಂಗ್, ಅಡಿಕೆ ರೇಟು, ದಾಸವಾಳದ ಫೋಟೋ ತೆಗೆದು ಉಳಿದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ತಂಗಿ ಹಾಕು ಅಂದಳು. ದೊಡ್ಡಪ್ಪ "ಹಾಕುವುದಾದರೆ ಕಾಗುಣಿತ ತಿದ್ದಿ ಹಾಕು" ಅಂದರು.

ದೊಡ್ಡಪ್ಪ: ಮಾಣಿಯ ಜಾತಕ ಯಲ್ಲಾಪುರದವರಿಗೆ ಕಳಿಸಿದ್ದೇನೆ. ಕೂಸು ಬಿ.ಕಾಂ. ಮಾಡಿದೆಯಂತೆ. ತೋಟದ ಮನೆ ಬೇಡ ಅನ್ನದಿದ್ದರೆ ಸಾಕು.

ಮಾಣಿ: ಅನ್ನುತ್ತೆ ದೊಡ್ಡಪ್ಪ. ಇದು ಒಂಬತ್ತನೆಯದು.

ಪುಟ್ಟಿ: (ವಿಡಿಯೋ) ಈಗಷ್ಟೇ ಓದಿ ಬಂದೆ. ಅಜ್ಜಿಯ ಬಗ್ಗೆ. ಪೂರ್ತಿ ನೋಡಿ, ಆಮೇಲೆ ಬಯ್ಯಿರಿ.

ವಿಡಿಯೋದಲ್ಲಿ ಇರುವುದು ಇಷ್ಟು. ಒಂದು ಕಾಫಿ ಅಂಗಡಿಯ ಹಿಂದಿನ ರೂಮು, ಇಟ್ಟಿಗೆ ಗೋಡೆ, ಒಂದು ಮೈಕು. ಪುಟ್ಟಿ ಕೈಯಲ್ಲಿ ಹಾಳೆ, ಹಾಳೆ ನಡುಗುವುದು ಕಾಣುತ್ತದೆ. ಇಂಗ್ಲಿಷ್ ಪದ್ಯ. ಅವಳು ತನ್ನ ಗೆಳತಿಯನ್ನು (ಗ್ರೂಪಿನಲ್ಲಿ ಇವತ್ತಿಗೂ ಎಲ್ಲರೂ ‘ರೂಮ್‌ಮೇಟ್’ ಅನ್ನುತ್ತಾರೆ) ಸಾಗರದ ಮನೆಗೆ ಕರೆದುಕೊಂಡು ಬಂದದ್ದು, ಅಡುಗೆಮನೆಯಲ್ಲಿ ಊಟಕ್ಕೆ ಕೂತದ್ದು, ಅಜ್ಜಿ "ನಿನ್ನ ಕೂಸಿಗೆ ಇನ್ನೊಂದು ಸೌಟು ತಂಬ್ಳಿ ಹಾಕು" ಅಂದದ್ದು. ಆ ಸಾಲನ್ನು ಕನ್ನಡದಲ್ಲೇ ಹೇಳಿ ಆಮೇಲೆ ಇಂಗ್ಲಿಷಿನಲ್ಲಿ ‘ಯುವರ್ ಬೇಬಿ’ ಅನ್ನುತ್ತಾಳೆ. ಜನ ಬೆರಳಲ್ಲಿ ಚಿಟಿಕೆ ಹೊಡೆಯುತ್ತಾರೆ. ಅಜ್ಜಿಗೆ ಎಲ್ಲ ಗೊತ್ತಿತ್ತು ಅನ್ನುವಲ್ಲಿ ಪದ್ಯ ಮುಗಿಯುತ್ತದೆ.

ದೊಡ್ಡಪ್ಪ: ನೋಡಿದೆ. ಇದು ಪದ್ಯವೋ ಭಾಷಣವೋ? ಪ್ರಾಸ ಇಲ್ಲ, ಛಂದಸ್ಸು ಇಲ್ಲ. ಮಧ್ಯೆ ಮಧ್ಯೆ ಚಿಟಿಕೆ ಯಾಕೆ? ನಾವು ಚಿಟಿಕೆ ಹೊಡೆಯುವುದು ಆಕಳಿಕೆ ಬಂದಾಗ.

ಪುಟ್ಟಿ: ಚಪ್ಪಾಳೆ ಹೊಡೆದರೆ ಮುಂದಿನ ಸಾಲು ಕೇಳಿಸುವುದಿಲ್ಲ ದೊಡ್ಡಪ್ಪ. ಇಷ್ಟವಾದ ಕಡೆ ಅಲ್ಲೇ ಒಂದು ಚಿಟಿಕೆ.

ಚಿಕ್ಕಮ್ಮ: ನನಗೆ ತಾಳಮದ್ದಳೆ ನೆನಪಾಯಿತು. ವೇಷ ಇಲ್ಲ ಗೆಜ್ಜೆ ಇಲ್ಲ, ಬರೀ ಮಾತು. ಮಾವನವರು ಕರ್ಣನ ಅರ್ಥ ಹೇಳುವಾಗ ಜನ ಹೀಗೇ ಅಲ್ಲಲ್ಲೇ ‘ಭಲೇ’ ಅನ್ನುತ್ತಿದ್ದರು.

ಪುಟ್ಟಿ: ಹೌದು ಚಿಕ್ಕಮ್ಮ! ಇಲ್ಲಿ ಸ್ಲ್ಯಾಮ್ ಅಂತ ಸ್ಪರ್ಧೆ ಇದೆ, ಅದರಲ್ಲಿ ವೇಷ, ವಾದ್ಯ, ಕೈಯಲ್ಲಿ ಸಾಮಾನು ಯಾವುದೂ ಕೂಡದು. ಮೂರು ನಿಮಿಷ. ಕೇಳಲು ಬಂದವರಲ್ಲೇ ಐದು ಜನರನ್ನು ಹಿಡಿದು ಜಡ್ಜ್ ಮಾಡುತ್ತಾರೆ. ಹತ್ತಕ್ಕೆ ಅಂಕ, ಜಾಸ್ತಿ ಕೊಟ್ಟಿದ್ದು ಒಂದು, ಕಡಿಮೆ ಕೊಟ್ಟಿದ್ದು ಒಂದು ಬಿಟ್ಟು ಉಳಿದ ಮೂರು ಕೂಡುತ್ತಾರೆ. ಶಿಕಾಗೋದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ 1986ರಲ್ಲಿ ಗ್ರೀನ್ ಮಿಲ್ ಅನ್ನುವ ಬಾರಿನಲ್ಲಿ ಅದನ್ನು ನಡೆಸಲು ಶುರು ಮಾಡಿದ. ನಾನು ಓದಿದ್ದು ಸ್ಲ್ಯಾಮ್ ಅಲ್ಲ, ಓಪನ್ ಮೈಕ್. ಬಾಗಿಲ ಹತ್ತಿರ ಒಂದು ಹಾಳೆ ಇರುತ್ತೆ. ಹೆಸರು ಬರೆದರೆ ಆಯಿತು.

ದೊಡ್ಡಪ್ಪ: ಆಯ್ಕೆ ಸಮಿತಿ ಇಲ್ಲವೇ?

ಪುಟ್ಟಿ: ಇಲ್ಲ.

ದೊಡ್ಡಪ್ಪ: ಅಧ್ಯಕ್ಷರು?

ಪುಟ್ಟಿ: ಇಲ್ಲ ದೊಡ್ಡಪ್ಪ. ಶಾಲೂ ಇಲ್ಲ, ಹಾರವೂ ಇಲ್ಲ.

ಇದು ದೊಡ್ಡಪ್ಪನಿಗೆ ಚುಚ್ಚಿತು. ತಾಲೂಕು ಸಮ್ಮೇಳನದ ಕವಿಗೋಷ್ಠಿಗೆ ಎರಡು ಸಲ ಅಧ್ಯಕ್ಷರಾದವರು. ಬೀರುವಿನಲ್ಲಿ ಹನ್ನೊಂದು ಶಾಲು ಇವೆ, ನಾನೇ ಎಣಿಸಿದ್ದೇನೆ.

ಅಣ್ಣ: ನನ್ನದೊಂದು ಪ್ರಶ್ನೆ. ಪೋಸ್ಟರ್ ನೋಡಿದೆ. ‘ಬಿಳಿಯರಲ್ಲದ ಕ್ವೀರ್ ಜನರಿಗಾಗಿ’ ಅಂತ ಇದೆ (ಕ್ವೀರ್ ಅಂದರೆ ಗೇ, ಲೆಸ್ಬಿಯನ್ ಮುಂತಾದ ಲೈಂಗಿಕ ಅಲ್ಪಸಂಖ್ಯಾತರು). ಮೈಕ್ ಎಲ್ಲರಿಗೂ ಅಂದಮೇಲೆ ಇದು ಯಾಕೆ? ಇದೂ ಒಂದು ಥರ ಭೇದವೇ ಅಲ್ವಾ?

ಪುಟ್ಟಿ: ಅಣ್ಣ, ಸ್ವಲ್ಪ ಉದ್ದ ಆಗುತ್ತೆ, ತಡ್ಕೋ. ಇಲ್ಲಿ ಎಪ್ಪತ್ತು ಎಂಬತ್ತರ ದಶಕದಲ್ಲಿ ಗೇ ಬಾರ್‌ಗಳು ಇದ್ದವು, ಆದರೆ ಕಪ್ಪು ಜನ ಹೋದರೆ ಬಾಗಿಲಲ್ಲೇ ಎರಡು ಮೂರು ಗುರುತಿನ ಚೀಟಿ ಕೇಳುತ್ತಿದ್ದರು. ಬಿಳಿಯರಿಗೆ ಒಂದು ಸಾಕಿತ್ತು, ಎಷ್ಟೋ ಸಲ ಒಂದೂ ಬೇಡ. ಮನೆಯಲ್ಲಿ ಗೇ ಅಂತ ಸೇರಿಸುವುದಿಲ್ಲ, ಗೇ ಬಾರಿನಲ್ಲಿ ಕಪ್ಪು ಅಂತ ಸೇರಿಸುವುದಿಲ್ಲ. ಹೋಗುವುದೆಲ್ಲಿ? ವಾಷಿಂಗ್ಟನ್‌ನಲ್ಲಿ ಎಂಬತ್ತರ ದಶಕದ ಶುರುವಿನಲ್ಲಿ ಒಂದು ಓಣಿಯ ಒಳಗಿದ್ದ ಹಳೇ ಕುದುರೆಗಾಡಿ ಶೆಡ್ಡನ್ನೇ ಕಾಫಿಹೌಸ್ ಮಾಡಿಕೊಂಡರು. ಎಸೆಕ್ಸ್ ಹೆಂಪ್‌ಹಿಲ್ ಅಂತ ಕವಿ, ಅಲ್ಲೆಲ್ಲ ಓದುತ್ತಿದ್ದ. ಒಬ್ಬನೇ ಅಲ್ಲ, ಗೆಳೆಯರ ಜೊತೆ, ಒಬ್ಬರ ಸಾಲಿನ ಮೇಲೆ ಇನ್ನೊಬ್ಬರ ದನಿ. ಪುಸ್ತಕ ಹಾಕುವವರು ಯಾರೂ ಇಲ್ಲ ಅಂತ ತಾನೇ ಸಣ್ಣ ಸಣ್ಣ ಪುಸ್ತಕ ಅಚ್ಚು ಹಾಕಿಸಿದ.

ಪುಟ್ಟಿ: ನಾನು ಇರುವ ಓಕ್ಲೆಂಡ್‌ನಲ್ಲೇ ಪ್ಯಾಟ್ ಪಾರ್ಕರ್ ಅನ್ನುವ ಕವಿ ಇದ್ದದ್ದು. ಕಪ್ಪು ಹೆಂಗಸು, ಲೆಸ್ಬಿಯನ್. ಕೆಲಸ ಹೆಂಗಸರ ಆರೋಗ್ಯ ಕೇಂದ್ರದಲ್ಲಿ. ಜನರ ಮುಂದೆ ನಿಂತು ಜೋರಾಗಿ ಓದಲಿಕ್ಕೆಂದೇ ಬರೆದವಳು. 1989ರಲ್ಲಿ ತೀರಿಕೊಂಡಳು. ನ್ಯೂಯಾರ್ಕಿನಲ್ಲಿ ಆಡ್ರಿ ಲಾರ್ಡ್. ಅವಳು ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದ ರೀತಿ ಕೇಳಿ: ಕಪ್ಪು, ಲೆಸ್ಬಿಯನ್, ತಾಯಿ, ಯೋಧೆ, ಕವಿ. ಒಂದನ್ನೂ ಬಿಡುತ್ತಿರಲಿಲ್ಲ, ಏಕೆಂದರೆ ಯಾವುದೇ ಸಭೆಗೆ ಹೋದರೂ ಅದರಲ್ಲಿ ಒಂದನ್ನು ಹೊರಗೆ ಬಿಟ್ಟು ಬಾ ಅನ್ನುತ್ತಿದ್ದರು. 1980ರಲ್ಲಿ ಅವಳು, ಲೇಖಕಿ ಬಾರ್ಬರಾ ಸ್ಮಿತ್ ಮತ್ತೆ ಕೆಲವರು ಸೇರಿ ಒಂದು ಪ್ರಕಾಶನ ಮಾಡಿದರು, ಹೆಸರು ‘ಕಿಚನ್ ಟೇಬಲ್’. ಅಡುಗೆಮನೆ ಮೇಜು! ನಮ್ಮನೆಯಲ್ಲೂ ನಿಜವಾದ ಮಾತು ಆಗುವುದು ಜಗಲಿಯಲ್ಲಲ್ಲ ಅಲ್ವಾ.

ಚಿಕ್ಕಮ್ಮ: ಅದಂತೂ ಸತ್ಯ.

ಅಣ್ಣ: ಅವರ ಕಷ್ಟ ಒಪ್ಪಿದೆ. ನೀನು ಸಾಫ್ಟ್‌ವೇರ್ ಕಂಪನಿಯಲ್ಲಿ ಇರುವವಳು. ನಿನ್ನನ್ನು ಯಾವ ಬಾಗಿಲಲ್ಲಿ ತಡೆದರು?

ಅತ್ತಿಗೆ: ನಾನು ಕೇಳಬೇಕು ಅಂದುಕೊಂಡದ್ದು ಬೇರೆ. ಪುಟ್ಟಿ, ಬೇಜಾರು ಮಾಡ್ಕೋಬೇಡ. ಅಮೆರಿಕದಲ್ಲಿ ನೀನು ಬಿಳಿಯಳಲ್ಲ, ಸರಿ. ಸಾಗರದಲ್ಲಿ ನೀನು ಯಾರು? ಆ ಅಡುಗೆಮನೆಗೆ ನಿನ್ನ ಗೆಳತಿ ಬಂದು ಕೂತಳು. ತೋಟದ ಕೆಲಸಕ್ಕೆ ಬರುವವರು ಇವತ್ತಿಗೂ ಹಿತ್ತಲಲ್ಲೇ ನಿಂತು ಕಾಫಿ ಕುಡಿಯುತ್ತಾರೆ. ಪದ್ಯದಲ್ಲಿ ಅದಿಲ್ಲ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಈ ಗ್ರೂಪಿನ ಲೆಕ್ಕಕ್ಕೆ ಅದು ದೊಡ್ಡ ಮೌನ.

ಅತ್ತಿಗೆ: ಇನ್ನೊಂದು. ಜೋಗತಿಯರು ಚೌಡಿಕೆ ಹಿಡಿದು ಬಾಗಿಲಿಗೆ ಬಂದಾಗ ನಾವು ಚಿಲ್ಲರೆ ಕೊಟ್ಟು ಕಳಿಸಿದವರು. ಅದೂ ಹಾಡೇ, ಅವರೂ ಗಂಡು ಹೆಣ್ಣು ಅನ್ನುವ ಗೆರೆ ದಾಟಿದವರೇ. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ತಗೊಂಡ ಮೇಲೆ ಇದೇ ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿದ ಇಮೋಜಿ ಹಾಕಿದಿರಿ.

ಪುಟ್ಟಿ: ಅತ್ತಿಗೆ, ಹಿತ್ತಲಿನದು ಸರಿ. ಬರೆಯಲಿಲ್ಲ. ಬರೆದರೆ ಅಜ್ಜಿ ಒಳ್ಳೆಯವಳಾಗಿ ಉಳಿಯುವುದಿಲ್ಲ ಅಂತ ಹೆದರಿ ಬಿಟ್ಟೆ. ಅಣ್ಣ, ನನ್ನನ್ನು ಯಾರೂ ತಡೆದಿಲ್ಲ, ಆ ರೂಮನ್ನು ಕಟ್ಟಿದವಳೂ ನಾನಲ್ಲ. ಕಪ್ಪು ಜನ, ಪೋರ್ಟೊ ರಿಕೊದವರು ಕಟ್ಟಿದ್ದು. ನ್ಯೂಯಾರ್ಕಿನಲ್ಲಿ ಪದ್ಯ ಓದುವ ನ್ಯೂಯೊರಿಕನ್ ಕೆಫೆ 1973ರಲ್ಲಿ ಶುರುವಾದದ್ದು ಮಿಗೆಲ್ ಅಲ್ಗರೀನ್ ಅನ್ನುವ ಕವಿಯ ಮನೆ ಹಾಲಿನಲ್ಲಿ. ನಮ್ಮಂಥವರು ಆಮೇಲೆ ಬಂದವರು. ಈ ಕಡೆ 2006ರಲ್ಲಿ ‘ಮ್ಯಾಂಗೋಸ್ ವಿತ್ ಚಿಲಿ’ ಅಂತ ಬಿಳಿಯರಲ್ಲದ ಕ್ವೀರ್ ಕಲಾವಿದರ ಒಂದು ತಂಡ ಆಯಿತು, ಕಟ್ಟಿದ ಇಬ್ಬರಲ್ಲಿ ಒಬ್ಬರು ಶ್ರೀಲಂಕಾ ಮೂಲದವರು. ಹೆಸರು ಕೇಳಿದ್ದೇ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿದ್ದು ನೆನಪಾಗಿ ಬಾಯಲ್ಲಿ ನೀರು ಬಂತು. ಬಿಳಿಯರ ಮೈಕಿನಲ್ಲಿ ಓದಿದರೆ ಮೊದಲು ತಂಬ್ಳಿ ಅಂದರೆ ಏನು ಅಂತ ಹೇಳಬೇಕು, ಅಷ್ಟರಲ್ಲಿ ಮೂರು ನಿಮಿಷ ಮುಗಿದಿರುತ್ತೆ. ಇಲ್ಲಿ ಯಾರೂ ಕೇಳಲಿಲ್ಲ. ಪ್ರತಿಯೊಬ್ಬರ ಅಜ್ಜಿಯೂ ಏನೋ ಒಂದು ಬಡಿಸಿರುತ್ತಾಳೆ.

ದೊಡ್ಡಪ್ಪ: ಇದೆಲ್ಲ ಇರಲಿ. ನನ್ನ ತಕರಾರು ಒಂದೇ. ಅಮ್ಮ ಹೋಗಿ ಎರಡು ವರ್ಷ ಆಗಿಲ್ಲ. ಅವಳಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅಂತ ಊರಿಲ್ಲದ ಊರಿನಲ್ಲಿ ಮೈಕು ಹಿಡಿದು ಹೇಳಲು ನೀನು ಯಾರು? ಅವಳು ನನ್ನ ಅಮ್ಮ. ಮನೆ ಮಾತು ಮನೆಯಲ್ಲಿ ಇರಬೇಕು.

ಪುಟ್ಟಿ: ಮನೆಯಲ್ಲಿ ಆ ಮಾತು ಆಡಲು ಜಾಗ ಎಲ್ಲಿತ್ತು ದೊಡ್ಡಪ್ಪ? ಒಂದು ವಿಷಯ ಹೇಳುತ್ತೇನೆ. ಫಿಲಡೆಲ್ಫಿಯಾದಲ್ಲಿ ಜೋಸೆಫ್ ಬೀಮ್ ಅಂತ ಇದ್ದ. ಕಪ್ಪು ಗೇ ಗಂಡಸರ ಬರಹಗಳನ್ನು ಸೇರಿಸಿ 1986ರಲ್ಲಿ ಒಂದು ಸಂಕಲನ ತಂದ. ಎರಡನೆಯದು ಅರ್ಧದಲ್ಲಿದ್ದಾಗ, 1988ರಲ್ಲಿ ಏಡ್ಸ್‌ನಿಂದ ಸತ್ತ. ಆಗ ಎಷ್ಟೋ ಮನೆಗಳಲ್ಲಿ ಮಗ ಯಾವುದರಿಂದ ಸತ್ತ ಅಂತ ಬಾಯಿ ಬಿಡುತ್ತಿರಲಿಲ್ಲ, ಅವನ ಕಾಗದ ಪತ್ರ ಸುಟ್ಟರೂ ಕೇಳುವವರಿಲ್ಲ. ಈ ತಾಯಿ ಸುಡಲಿಲ್ಲ. ಆಗಲೇ ಹೇಳಿದೆನಲ್ಲ ಹೆಂಪ್‌ಹಿಲ್, ಅವನು ಬಂದು ಆ ತಾಯಿಯ ಜೊತೆ ಸೇರಿ ಪುಸ್ತಕ ಮುಗಿಸಿದ. 1991ರಲ್ಲಿ ಬಂತು. ಇನ್ನು ನಾಲ್ಕೇ ವರ್ಷಕ್ಕೆ ಹೆಂಪ್‌ಹಿಲ್ಲೂ ಅದೇ ಕಾಯಿಲೆಯಲ್ಲಿ ಹೋದ. ಮೂವತ್ತೆಂಟು ವಯಸ್ಸು.

ನಮ್ಮ ಅಮ್ಮ ಬೆಳಗ್ಗಿನಿಂದ ಎಲ್ಲ ಓದುತ್ತಿದ್ದಳು. ಆಗ ಬರೆದಳು.

ಅಮ್ಮ: ಆ ತಾಯಿಯ ಹೆಸರು ಏನು?

ಪುಟ್ಟಿ: ಡೊರತಿ ಬೀಮ್.

ಅಮ್ಮ ಮತ್ತೆ ಏನೂ ಬರೆಯಲಿಲ್ಲ.

ದೊಡ್ಡಪ್ಪ: ಅದು ಅವರ ಮನೆ. ಮತ್ತೆ ನಿನ್ನ ಅನುವಾದವೇ ತಪ್ಪು. ಅಮ್ಮ ‘ಕೂಸು’ ಅಂದದ್ದನ್ನು ‘ಬೇಬಿ’ ಮಾಡಿದ್ದೀಯ. ಅದು ಬಯಲುಸೀಮೆಯವರ ಕೂಸು. ನಮ್ಮ ಕಡೆ ಕೂಸು ಅಂದರೆ ಎಳೆಮಗು ಅಲ್ಲ, ಹುಡುಗಿ.

ಪುಟ್ಟಿ: ಗೊತ್ತು ದೊಡ್ಡಪ್ಪ. ‘ಗರ್ಲ್’ ಅಂದರೆ ಸಪ್ಪೆ ಆಗುತ್ತೆ. ‘ಬೇಬಿ’ ಅಂದರೆ ಇಂಗ್ಲಿಷಿನಲ್ಲಿ ಮಗುವೂ ಹೌದು, ಪ್ರೀತಿಸುವವರೂ ಹೌದು. ಆ ಎರಡನೇ ಅರ್ಥ ನಾನು ಸೇರಿಸಿದ್ದು, ಒಪ್ಪುತ್ತೇನೆ.

ದೊಡ್ಡಪ್ಪ: ಅದನ್ನೇ ಹೇಳಿದ್ದು. ಅಮ್ಮನ ಮಾತಿನಲ್ಲಿ ಇಲ್ಲದ ಅರ್ಥ ತುಂಬಬೇಡ.

ಚಿಕ್ಕಮ್ಮ: ಭಾವನವರೇ, ಬೆಳಗ್ಗೆ ಮಾಣಿಯ ಜಾತಕ ಯಾವ ಕೂಸಿನ ಮನೆಗೆ ಕಳಿಸಿದಿರಿ?

ದೊಡ್ಡಪ್ಪ: ಅದು ಬೇರೆ.

ಚಿಕ್ಕಮ್ಮ: ಬೇರೆ ಹೇಗೆ? ಆವತ್ತು ಬಡಿಸುತ್ತಿದ್ದವಳು ನಾನು. ಒಂದೆಲಗದ ತಂಬ್ಳಿ, ಸೌಟು ನನ್ನ ಕೈಯಲ್ಲೇ ಇತ್ತು, ಆದರೂ ಅತ್ತೆ ನನಗೆ ಹೇಳಲಿಲ್ಲ, ಪುಟ್ಟಿಗೆ ಹೇಳಿದರು. ‘ಆ ಕೂಸಿಗೆ’ ಅನ್ನಲಿಲ್ಲ. ‘ನಿನ್ನ ಕೂಸಿಗೆ’ ಅಂದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಾಚಿಕೊಂಡು ಅರ್ಧ ಹೊಟ್ಟೆಯಲ್ಲಿ ಏಳುತ್ತಿದ್ದೆ. ಆಗ ನಿಮ್ಮ ತಮ್ಮನಿಗೂ ಹೀಗೇ ಹೇಳಿದ್ದರು, ‘ನಿನ್ನ ಕೂಸು ಸರಿ ಉಂಡಿಲ್ಲ, ನೋಡು’ ಅಂತ.

ಮಾಣಿ: ಒಟ್ಟಿನಲ್ಲಿ ಈ ಮನೆಯಲ್ಲಿ ಕೂಸು ಸಿಕ್ಕಿದ್ದು ಪುಟ್ಟಕ್ಕನಿಗೆ ಮಾತ್ರ.

ಅತ್ತಿಗೆ ನಗುವ ಇಮೋಜಿ ಹಾಕಿದಳು, ಅಣ್ಣನೂ ಹಾಕಿದ. ದೊಡ್ಡಪ್ಪ ಏನೋ ಟೈಪ್ ಮಾಡುತ್ತಿರುವುದು ತುಂಬಾ ಹೊತ್ತು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಒಂದು ಸಂದೇಶ ಬಂದದ್ದೇ ಅಳಿಸಿಯೂ ಹೋಯಿತು, ಯಾರೂ ಓದಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಬಂದರು.

ದೊಡ್ಡಪ್ಪ: ಪುಟ್ಟಿ, ವಿಡಿಯೋದಲ್ಲಿ ನೀನು ‘ತಂಬ್ಲಿ’ ಅಂದಿದ್ದೀಯ. ಎರಡು ಸಲ ಕೇಳಿದೆ. ಅದು ತಂಬ್ಳಿ. ಳ. ನಾಲಗೆ ಮಡಚಿ ಹೇಳು.