ಆನಿಮಲ್ ಕ್ರಾಸಿಂಗ್ ವಿಡಿಯೋ ಗೇಮ್‌ನಲ್ಲಿ ರಾತ್ರಿ ಹತ್ತರ ನಂತರ ಅಂಗಡಿ ತೆರೆದಿಡುವುದು ಹೇಗೆ? ಸಹಾಯ ಬೇಕು

ನಮಸ್ಕಾರ. ಮನೆ ಉಡುಪಿ, ಕೆಲಸ ಮಂಗಳೂರು. ಹೆಜಮಾಡಿ ಟೋಲ್ ದಾಟಿ ಮನೆ ಮುಟ್ಟುವಾಗ ಒಂಬತ್ತೂವರೆ. ಊಟ ಮುಗಿಸಿ ಮಗಳ ಜೊತೆ ನಿಂಟೆಂಡೊ ಸ್ವಿಚ್ ಗೇಮ್ ಯಂತ್ರದಲ್ಲಿ ಆನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್ ಹಿಡಿದರೆ ಹತ್ತು ದಾಟಿರುತ್ತದೆ. ಆಟದ ಗಡಿಯಾರವೂ ನಿಜ ಸಮಯಕ್ಕೇ ಓಡುವುದರಿಂದ ಅಂಗಡಿ ಮುಚ್ಚಿರುತ್ತದೆ. ಮಾರುವ ಸಾಮಾನನ್ನು ಅಂಗಡಿ ಹೊರಗಿನ ಡಬ್ಬಿಗೆ ಹಾಕಿದರೆ ಬೆಲೆ 80% ಮಾತ್ರ. ಹಿಡಿದ ಮೀನನ್ನು ಅಪ್ಪನ ಎದುರೇ ಮಾರಬೇಕು ಅಂತ ಅವಳು ಕಾದು ಕಾದು ಸೋಫಾದಲ್ಲೇ ನಿದ್ದೆ ಹೋಗ್ತಾಳೆ, ನೋಡಿದರೆ ಕರುಳು ಚುರ್ರ್ ಅನ್ನುತ್ತೆ.

ಬೆಳಿಗ್ಗೆ ಆಡಿ ನೋಡಿದೆವು, ಅಷ್ಟರಲ್ಲಿ ಶಾಲೆ ವ್ಯಾನ್ ಬಂತು. ಸ್ವಿಚ್‌ನ ಗಡಿಯಾರ ಹಿಂದಿಟ್ಟೆ, ಅವಳು ಆಟದಲ್ಲಿ ಭಾನುವಾರ ಕೊಂಡಿದ್ದ ಟರ್ನಿಪ್ ಗೆಡ್ಡೆ ಎಲ್ಲ ಕೊಳೆತುಹೋಯ್ತು. ತಡರಾತ್ರಿ ತೆರೆದಿಡುವ ನಿಯಮ ಇದೆ ಅಂತಾರೆ, ಆಟದ ದ್ವೀಪದ ಕಚೇರಿಯಲ್ಲಿರುವ ಇಸಬೆಲ್ ಹತ್ತಿರ ಹೋದರೆ ನನಗೆ ಆ ಆಯ್ಕೆಯೇ ಬರುವುದಿಲ್ಲ. ದ್ವೀಪ ಶುರು ಮಾಡಿದ್ದು ಮಗಳ ಹೆಸರಲ್ಲಿ.

ಹಾಗಾದರೆ ಅವಳ ಪಾತ್ರದಿಂದಲೇ ಮಾಡಬೇಕಾ? ಮಾಡಿದರೆ ನನಗೂ ಅಂಗಡಿ ತೆರೆದಿರುತ್ತಾ?