ರ‍್ಯಾಮ್ ಹಾಕುವ ಮುಂಚೆ ಸ್ಟ್ಯಾಟಿಕ್ ಭಯ: ನೀವೆಲ್ಲ ಏನು ಮಾಡುತ್ತೀರಿ?

ಕೇಳಿದವರು, ವಾಕಡ್, ಪುಣೆ:
ಮಗನ ಹಳೇ ಪಿಸಿಗೆ ಇನ್ನೊಂದು ರ‍್ಯಾಮ್, ಒಂದು ಎಸ್‌ಎಸ್‌ಡಿ (ಒಂದು ಮೆಮೊರಿ, ಇನ್ನೊಂದು ಫೈಲ್ ಇಡುವ ಡ್ರೈವ್) ನಾನೇ ಹಾಕೋಣ ಅಂತ ಹೊರಟೆ. ಸ್ಕ್ರೂ ಬಿಚ್ಚಿದ ಮೇಲೆ ಭಯ ಶುರುವಾಯಿತು: ಸ್ಟ್ಯಾಟಿಕ್, ಅಂದರೆ ಉಜ್ಜಾಟದಿಂದ ಮೈಯಲ್ಲಿ ಸೇರುವ ಚಾರ್ಜ್, ಪಾರ್ಟುಗಳನ್ನು ಹಾಳು ಮಾಡಿದರೆ? ಇಲ್ಲಿ ಈಗ ತುಟಿ ಒಡೆಯುವಷ್ಟು ಒಣ ಹವೆ. ರಾತ್ರಿ ಸ್ವೆಟರ್ ತೆಗೆದರೆ ಚಟಪಟ ಸದ್ದು, ಬಾಗಿಲ ಚಿಲಕ ಮುಟ್ಟಿದರೆ ಚುರ್ ಅನ್ನುತ್ತದೆ. ಆಫೀಸಿನಲ್ಲಿ ಒಬ್ಬರು "ಮೈಯ ಚಾರ್ಜ್ ಹರಿದುಹೋಗಲು ಕೈಗೆ ಪಟ್ಟಿ ಕಟ್ಟದೆ ಮುಟ್ಟಿದರೆ ಬೋರ್ಡ್ ಹೋಯಿತು ಅಂತಲೇ ತಿಳ್ಕೊಳ್ಳಿ" ಅಂದರು. ಇನ್ನೊಬ್ಬರು "ಅದೆಲ್ಲ ಸುಮ್ನೆ" ಅಂದರು. ಯಾರ ಮಾತು ಕೇಳಲಿ?

ಡೊಂಬಿವಲಿಯಿಂದ:
ಇಬ್ಬರೂ ಅರ್ಧರ್ಧ ಸರಿ ಮಾರಾಯ್ರೇ. ನಾನು ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಎಂಟು ವರ್ಷ ಪಿಸಿ ಜೋಡಿಸಿದವನು. ಅಲ್ಲಿ ಯಾರ ಕೈಯಲ್ಲೂ ಪಟ್ಟಿ ನೋಡಿದ್ದಿಲ್ಲ. ಆದರೆ ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು. ರ‍್ಯಾಮ್ ಎತ್ತಿಕೊಳ್ಳುವ ಮುಂಚೆ ಪ್ರತಿ ಸಲ ಎಡ ಮೊಣಕೈಯನ್ನು ಕ್ಯಾಬಿನೆಟ್ಟಿನ ತಗಡಿಗೆ ತಾಗಿಸುತ್ತಿದ್ದರು. ಯಾಕೆ ಅಂತ ಕೇಳಿದರೆ, ಹಾಗೆ ಮಾಡುತ್ತೇನೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ!

ಗುಟ್ಟು ಇರುವುದು ಅಲ್ಲೇ. ನಿಮ್ಮ ಮೈ, ಕ್ಯಾಬಿನೆಟ್, ಹೊಸ ಪಾರ್ಟು ಮೂರರ ಚಾರ್ಜೂ ಒಂದೇ ಮಟ್ಟಕ್ಕೆ ಬಂದರೆ ಕಿಡಿ ಹಾರುವುದಿಲ್ಲ. ಪೇಂಟ್ ಇರುವ ಜಾಗ ಬೇಡ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಸ್ಕ್ರೂ ಹತ್ತಿರದ ಬರಿ ಲೋಹ ಮುಟ್ಟಿ. ರ‍್ಯಾಮನ್ನು ಕವರಿನಿಂದ ತೆಗೆಯುವ ಮುಂಚೆ ಕವರನ್ನೂ ಅಲ್ಲಿಗೆ ತಾಗಿಸಿ. ಅಂಚು ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನಲ್ಲ. ಮಧ್ಯೆ ಎದ್ದು ಚಹಾ ಕುಡಿದು ಬಂದರೆ ಮತ್ತೆ ಮುಟ್ಟಿ. ಸ್ವೆಟರ್ ಅಂತೂ ಬೇಡವೇ ಬೇಡ, ಹತ್ತಿ ಬಟ್ಟೆ ಹಾಕಿಕೊಳ್ಳಿ.

ಒಂದು ಮಾತು. ಜುಲೈಯಲ್ಲಿ ಮುಂಬೈಯ ಗೋಡೆಯೇ ಬೆವರುತ್ತದೆ, ತೇವದ ಹವೆಯಲ್ಲಿ ಚಾರ್ಜ್ ಅಷ್ಟು ಸೇರುವುದಿಲ್ಲ, ಹಾಗಾಗಿ ನಮ್ಮ ಉಡಾಫೆ ನಡೆಯಿತು. ನಿಮ್ಮ ಪುಣೆಯ ಚಳಿಗಾಲದಲ್ಲಿ ಆ ಧೈರ್ಯ ಬೇಡ.

ಪಿಂಪ್ರಿಯಿಂದ:
ನಾನು ಬೋರ್ಡ್ ಜೋಡಿಸುವ ಕಾರ್ಖಾನೆಯಲ್ಲಿದ್ದೇನೆ. ಬೆಳಿಗ್ಗೆ ಪಟ್ಟಿಯನ್ನು ಟೆಸ್ಟರಿಗೆ ಹಚ್ಚಿ ಹಸಿರು ದೀಪ ಬಂದರಷ್ಟೇ ಲೈನಿಗೆ ಬಿಡುತ್ತಾರೆ. ಕೈಗೆ ಚುರ್ ಅನ್ನಲಿಲ್ಲ ಅಂದರೆ ಏನೂ ಆಗಿಲ್ಲ ಅಂತ ಅಲ್ಲ. ನಮಗೆ ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಸೂಕ್ಷ್ಮ ಚಿಪ್ಪುಗಳಿಗೆ 100 ವೋಲ್ಟೇ ಜಾಸ್ತಿ. ಪೆಟ್ಟು ತಿಂದ ಚಿಪ್ ಅವತ್ತೇ ಸಾಯಬೇಕೆಂದೇನೂ ಇಲ್ಲ, ಕೆಲವು ತಿಂಗಳು ಓಡಿ ಆಮೇಲೆ ಕೈಕೊಡಬಹುದು. ಆಗ ಯಾರೂ ಸ್ವೆಟರನ್ನು ಬೈಯುವುದಿಲ್ಲ, ರ‍್ಯಾಮ್ ಮಾಡಿದವರನ್ನು ಬೈಯುತ್ತಾರೆ.

ಪಟ್ಟಿ ತಗೊಳ್ಳುವುದಾದರೆ ಕ್ಯಾಬಿನೆಟ್ಟಿನ ಲೋಹಕ್ಕೆ ಸಿಕ್ಕಿಸುವ ವೈರ್ ಇರುವುದನ್ನೇ ತಗೊಳ್ಳಿ. ವೈರ್‌ಲೆಸ್ ಪಟ್ಟಿ ಅಂತ ಮಾರುತ್ತಾರೆ, ಅದು ಬರೀ ಕೈಬಳೆ. ಸರಿಯಾದ ಪಟ್ಟಿಯ ವೈರಿನಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅದು ಬೋರ್ಡಿಗಲ್ಲ, ನಿಮಗೆ. ಅಕಸ್ಮಾತ್ ಎಲ್ಲಾದರೂ ಕರೆಂಟ್ ತಾಗಿದರೆ ಮೈಯಲ್ಲಿ ಜಾಸ್ತಿ ಹರಿಯದಂತೆ ತಡೆಯುತ್ತದೆ. ಹಾಗಾಗಿ ಮನೆಯ ತಾಮ್ರದ ತಂತಿ ಸುತ್ತಿ ಸ್ವಂತ ಪಟ್ಟಿ ಮಾಡಬೇಡಿ.

ಮುಲುಂಡ್‌ನಿಂದ:
ನಮ್ಮನೆ ಕ್ಯಾಬಿನೆಟ್ ಮುಟ್ಟಿದರೆ ಜುಮುಜುಮು ಅನ್ನುತ್ತಿತ್ತು. ಎರಡು ವರ್ಷ ಅದನ್ನೇ ಸ್ಟ್ಯಾಟಿಕ್ ಅಂದುಕೊಂಡಿದ್ದೆ ನಾನು. ಕಾಲಡಿ ರಬ್ಬರ್ ಚಾಪೆ ಬೇರೆ ತಂದು ಹಾಸಿದ್ದೆ! ಆಮೇಲೆ ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದರೆ, ಮೇಲಿನ ದಪ್ಪ ತೂತಿಗೆ ಅರ್ಥ್ ತಂತಿಯೇ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವುದು) ಇಲ್ಲ. ಹಳೇ ಬಿಲ್ಡಿಂಗು, ಮೂರು ತೂತು ಬರೀ ನೋಡಲಿಕ್ಕೆ.

ಸ್ಟ್ಯಾಟಿಕ್ ಅಂದರೆ ಒಮ್ಮೆ ಚಟ್ ಅಂದು ಮುಗಿಯುತ್ತದೆ. ಮುಟ್ಟಿಕೊಂಡಿರುವಷ್ಟು ಹೊತ್ತೂ ಜುಮುಜುಮು ಅಂದರೆ ಅರ್ಥಿಂಗ್ ನೋಡಿಸಿ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪ್ಯಾಸಿಟರಿನಿಂದ ಚೂರು ಕರೆಂಟ್ ಸೋರುತ್ತದೆ, ಅದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೇಲೆ 110 ವೋಲ್ಟ್ ಹತ್ತಿರ ನಿಂತಿರುತ್ತದೆ.

"ಪ್ಲಗ್ ಸಿಕ್ಕಿಸಿಯೇ ಇಡಿ, ಸ್ವಿಚ್ ಮಾತ್ರ ಆಫ್ ಮಾಡಿ, ಅರ್ಥ್ ಸಿಗುತ್ತದೆ" ಅಂತ ಕೆಲವರು ಹೇಳುತ್ತಾರೆ. ವೈರಿಂಗ್ ಸರಿಯಿದ್ದರೆ ಸರಿ. ಅನುಮಾನ ಇದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ, ಆಮೇಲೆ ಕ್ಯಾಬಿನೆಟ್ ಮುಟ್ಟಿ. ರ‍್ಯಾಮ್ ಹಾಕಲು ಅಷ್ಟು ಸಾಕು.

ಮಡಗಾಂವ್‌ನಿಂದ:
ಎರಡೇ ವಿಷಯ. ಧೂಳಿಗೆ ಮನೆಯ ವ್ಯಾಕ್ಯೂಮ್ ಕ್ಲೀನರ್ ಹಿಡಿಯಬೇಡಿ, ಅದರ ಪ್ಲಾಸ್ಟಿಕ್ ಮೂತಿಯಲ್ಲೇ ಚಾರ್ಜ್ ಹುಟ್ಟುತ್ತದೆ. ಬ್ಲೋವರ್ ಇರಲಿ, ಫ್ಯಾನನ್ನು ಬೆರಳಲ್ಲಿ ಹಿಡಿದುಕೊಂಡು ಊದಿ. ಇನ್ನೊಂದು, ಬೋರ್ಡ್ ಬರುವ ಬೆಳ್ಳಿ ಬಣ್ಣದ ಕವರಿನ ಮೇಲೆ ಬೋರ್ಡ್ ಇಟ್ಟು ಕರೆಂಟ್ ಕೊಡಬೇಡಿ. ಆ ಕವರಿನ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ರಟ್ಟಿನ ಡಬ್ಬಿ ಮೇಲಿಡಿ.

ಕೇಳಿದವರು, ವಾಕಡ್:
ಎಲ್ಲರಿಗೂ ಥ್ಯಾಂಕ್ಸ್ ರೀ. ಮುಲುಂಡ್‌ನವರ ಮಾತು ಓದಿ ಮೇಜಿನ ಹಿಂದೆ ಬಗ್ಗಿ ನೋಡಿದೆ. ಸಾಕೆಟ್ ಚೆನ್ನಾಗಿಯೇ ಇದೆ. ಆದರೆ ನನ್ನ ಮಗರಾಯ ಮಧ್ಯದಲ್ಲಿ ಅರ್ಥ್ ಪಿನ್ನೇ ಇಲ್ಲದ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿದ್ದಾನೆ! ಸದ್ಯಕ್ಕೆ ಅದು ಕಸದ ಬುಟ್ಟಿಗೆ ಹೋಯಿತು. ರ‍್ಯಾಮ್ ನಾಳೆ, ಹತ್ತಿ ಬನಿಯನ್ನಿನಲ್ಲಿ.